ಲೋಲಕವೂ ಕೆಂಪು ಶಾಯಿಯೂ

ಮೆಹರ್ ತಿಂಗಳು 9, ಫಸಲಿ 1350. ತಾಂಡೂರು

ಬೆಳಿಗ್ಗೆ ಮತ್ತೆ ಟಪಾಲು ಕಚೇರಿ. ಕೊಡಂಗಲ್‌ನಿಂದ ಏನೂ ಇಲ್ಲ. ಸರಕಾರಕ್ಕೆ ಫಸಲಿ 1350, ಪಂಚಾಂಗಕ್ಕೆ ಶಕ 1863, ಇಂಗ್ರೇಜಿಗೆ ಇಸವಿ 1941... ಮೂರು ಕಾಲ ಇಟ್ಟುಕೊಂಡೂ ನಮ್ಮ ಟಪಾಲು ಸಕಾಲಕ್ಕೆ ಬರದು.

ಶಾಲೆಯಲ್ಲಿ ಒಂಬತ್ತನೇ ಜಮಾತಿಗೆ ಲೋಲಕದ ಪಾಠ. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟೆ. ಕಿವಿಗೆ ಲೋಲಾಕು ತೊಡುವ ಹೆಂಡತಿ ಕೊಡಂಗಲ್ಲಿನ ತವರಲ್ಲಿ, ನನ್ನ ಪಾಲಿಗೆ ಬರೀ ಲೋಲಕ. (ಹೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಬರೆದುಕೊಂಡೆ.) ಚಲನೆಯ ಸೂತ್ರದಲ್ಲಿ ಕಾಲವನ್ನು ಹಿಂದುಮುಂದು ಮಾಡಿದರೂ ಸೂತ್ರ ಬದಲಾಗದು, ಕಾಲಕ್ಕೆ ಕಾಲೂ ಇಲ್ಲ ದಿಕ್ಕೂ ಇಲ್ಲ ಎಂದೆ. ಗಂಟೆ ಹೊಡೆಯಲು ಬಂದ ಜವಾನ ಪೋಚಪ್ಪ ಬಾಗಿಲಲ್ಲೇ ನಿಂತಿದ್ದ.

"ಹಿಂದ ಮುಂದ ಒಂದೇ ಅಂತೀರಿ ಮಾಸ್ತರ್‌ಸಾಬ್. ಮತ್ತ ಅದು ನಿಂದ್ರಾಕ ಹತ್ಯಾದಲ್ರಿ. ನಿಂತ ಕಲ್ಲು ತಾನೇ ತೂಗಿದ್ದು ಎಲ್ಲಿ ನೋಡೀರಿ?"

ಗಾಳಿ, ಘರ್ಷಣೆ ಎಂದೇನೋ ತೊದಲಿದೆ. ಜಮಾತು ನಕ್ಕಿತು.

ಮೆಹರ್ 11

ಬರೆದೇಬಿಡುತ್ತೇನೆ. ಪಂಚಮಿಗೆಂದು ತವರಿಗೆ ಹೋದ ಉಮಾಬಾಯಿ ಕಾಗದ ಹಾಕಿದ್ದಳು. ಅವಳ ಜನ್ಮದ ಮೊದಲ ಕಾಗದ. ಶಾಲೆಯಲ್ಲೆಲ್ಲ ಉರ್ದು, ಹೆಂಡತಿಗೆ ಕನ್ನಡ ನಾನೇ ಮನೆಯಲ್ಲಿ ಸ್ಲೇಟು ಹಿಡಿಸಿ ಕಲಿಸಿದ್ದು. ಕಾಗದ ಬಂದಾಗ ಹುಡುಗರ ನಲವತ್ತು ಕಾಪಿಪುಸ್ತಕ ತಿದ್ದುತ್ತ ಕೂತಿದ್ದೆ. ಲೇಖನಿಯಲ್ಲಿ ಕೆಂಪು ಶಾಯಿ. ಚೇಷ್ಟೆ ಸುಮ್ಮನಿರಬೇಕಲ್ಲ! ಹನ್ನೊಂದು ತಪ್ಪಿಗೂ ಗೀಟೆಳೆದು, ಕೆಳಗೆ ಹತ್ತಕ್ಕೆ ನಾಲ್ಕು ಮಾರ್ಕು ಹಾಕಿ, ಅವಳಿಗೇ ವಾಪಸ್ ಕಳಿಸಿದೆ. ನಗುತ್ತಾಳೆ ಅಂದುಕೊಂಡೆ.

ಹದಿನೈದು ದಿನವಾಯಿತು.

ಮೆಹರ್ 12, ಸಂಜೆ

ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಗ್ಲಾಸಿನ ನೀರಿಗೆ ಒಂದು ಹನಿ ಶಾಯಿ ಬಿಟ್ಟೆ. ಹೊಗೆಯ ಹಾಗೆ ಹರಡಿತು. ಒಂದೊಂದು ಕಣವೂ ಬಂದ ದಾರಿಯಲ್ಲೇ ಹಿಂತಿರುಗಬಹುದು, ಯಾವ ನಿಯಮದ ಅಡ್ಡಿಯೂ ಇಲ್ಲ. ಎಲ್ಲವೂ ಒಟ್ಟಿಗೆ ಹಿಂತಿರುಗುವುದಿಲ್ಲ, ಅಷ್ಟೇ. ಕಾಲದ ದಿಕ್ಕೆಂದರೆ ಇದೇ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆದರೂ ಕತ್ತಲಾಗುವ ತನಕ ಗ್ಲಾಸು ನೋಡುತ್ತ ಕೂತೆ. ಎದ್ದೆ. ಕೂತೆ. ಮನೀ ಬಾಯೇರು ಯಾವಾಗ ಬರ್ತಾರೆ ಎಂದು ಪೋಚಪ್ಪ ಕೇಳಿದ. ನೀರು ಚೆಲ್ಲು ಎಂದು ಗದರಿಬಿಟ್ಟೆ.

ಮೆಹರ್ 16. ಕೊಡಂಗಲ್, ಮಧ್ಯಾಹ್ನ

ರಜೆ ಹಾಕಿ ಬಂದೆ. ಮಾವ ಶಾಂತಪ್ಪನವರು ನೀರು ಕೊಟ್ಟು ಬೆನ್ನು ತಿರುಗಿಸಿ ಕೂತರು. ಬಹಳ ಹೊತ್ತಿನ ಮೇಲೆ ಅವಳು ಬಂದು ಕಂಬಕ್ಕೆ ಒರಗಿ ನಿಂತಳು. ಮಾರ್ಕು ಏರಿಸಿದ್ದೇನೆ, ಹತ್ತಕ್ಕೆ ಹನ್ನೊಂದು ಎಂದೆ. ನಗಲಿಲ್ಲ. ಸಿಟ್ಟೂ ಮಾಡಲಿಲ್ಲ, ಅದೇ ಹೆದರಿಕೆ.

"ತಪ್ಪು ಇದ್ವು, ಖರೆ. ಮತ್ತ ಅದ್ರಾಗ ಏನ್ ಬರ್ದಿದ್ದೆ ನಾ? ಅಷ್ಟು ಹೇಳ್ರಿ. ಹೇಳಿದ್ರ ಈಗೇ ನಿಮ್ಮ ಸಂಗಟ ಬರ್ತೀನಿ."

ವಿಚಾರ ಮಾಡಿ ಹೇಳ್ರಿ ಎಂದು ಒಳಗೆ ಹೋದಳು. ಕಟ್ಟೆಯ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಹನ್ನೊಂದು ತಪ್ಪೂ ನೆನಪಿವೆ. ಯಾವ ಸಾಲಿನಲ್ಲಿ ಯಾವುದು, ಅದೂ. ಮೊದಲ ಸಾಲು, 'ನೀವು' ಎಂದು ಶುರು... ನೀವು... ಆಮೇಲೆ