ಮಾಡು, ಮಾಡು

ಕೃಷ್ಣಗಿರಿ ಅಣೆಕಟ್ಟು
ಭಾನುವಾರ, 14-5-2006

ಅತ್ತೆಯವರಿಗೆ ಶಶಿಕಲಾಳ ನಮಸ್ಕಾರ. ನಾವು ನಾಲ್ವರೂ ಚೆನ್ನಾಗಿದ್ದೇವೆ, ಚಿಕ್ಕವನ ನೆಗಡಿಯೂ ವಾಸಿಯಾಗಿದೆ. ಮಕ್ಕಳ ಹಟಕ್ಕೆ ಸೋತು ನಿನ್ನೆ ಮತ್ತಿಗಿರಿಯಿಂದ ಬಂದು, ಇಲ್ಲಿನ ಮಾವಿನ ತೋಪಿನಲ್ಲಿ ಟೆಂಟು ಹಾಕಿದೆವು. ಬೆಳಿಗ್ಗೆ ನಡೆದದ್ದನ್ನು ನಿಮಗೆ ಬರೆಯದೆ ಇರಲಾರೆ.

ನಾನು ಉಪ್ಪಿಟ್ಟು ಕೆದಕುತ್ತಿದ್ದೆ. ಟೆಂಟಿನ ಗೂಟ ಸಡಿಲವಾಗಿದೆಯೆಂದು ನಿಮ್ಮ ಮಗ ಬಗ್ಗಿ ಕಲ್ಲಿನಿಂದ ಬಡಿಯುತ್ತಿದ್ದರು. ಚಿಕ್ಕವನು ಒಳಗೆ ಇನ್ನೂ ಮಲಗಿದ್ದ. ತೋಪು ಕಾಯುವ ತಮಿಳು ತಾತ ದೂರದಿಂದ "ಮಾಡು, ಮಾಡು" ಎಂದು ಕೂಗಿದರು. ಇವರು ತಲೆಯನ್ನೂ ಎತ್ತದೆ, "ಮಾಡ್ತಾನೇ ಇವ್ನಿ ತಾತ" ಎಂದು ಇನ್ನೂ ಜೋರಾಗಿ ಬಡಿದರು. ತಾತನೂ ಇನ್ನೂ ಜೋರಾಗಿ ಕೂಗಿದರು. ಆಗ ನಮ್ಮ ಸಿಂಚನಾ, "ಅಪ್ಪಾ, ತಮಿಳಲ್ಲಿ ಮಾಡು ಅಂದ್ರೆ ಹಸು. ನಿನ್ನ ಹಿಂದೇನೇ ಬತ್ತೈತೆ" ಎಂದಳು. ನಾನು ಓಡಿ ಮಗುವನ್ನು ಎತ್ತಿಕೊಂಡು ಈಚೆ ಬರುವುದಕ್ಕೂ ಆ ಕೊಂಬಿನ ಹಸು ಒಳಗೆ ತಲೆ ತೂರಿಸುವುದಕ್ಕೂ ಸರಿಹೋಯಿತು. ಗೂಟವೆಲ್ಲ ಕಿತ್ತು ಬಂದು, ನಮ್ಮ ಹಳದಿ ಟೆಂಟು ನಾಲ್ಕು ಕಾಲಿನ ಮೇಲೆ ತೋಪಿನ ತುಂಬ ಓಡಾಡಿತು.

ನೀವು ಕಳಿಸಿದ್ದ ನಿಪ್ಪಟ್ಟೆಲ್ಲ ಹಸುವಿನ ಪಾಲಾಯಿತು. ಬರುವಾಗ ಇನ್ನೊಂದು ಡಬ್ಬಿ ತನ್ನಿ. ಕಾರ್ಡಿನಲ್ಲಿ ಇನ್ನು ಎರಡೇ ಸಾಲಿಗೆ ಜಾಗವಿದೆ. "ಕೂಸಿಗೆ ತಮಿಳ್ಯಾಕೆ ಕಲಿಸ್ತೀಯಾ" ಎಂದು ಯುಗಾದಿಯಲ್ಲಿ ನನ್ನನ್ನು ಬೈದಿರಲ್ಲ, ಈಗ ನಿಮ್ಮ ಮಗನೇ ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ತಮಿಳು ಪಾಠ ಹೇಳಿಸಿಕೊಳ್ಳುತ್ತಿದ್ದಾರೆ.

ಶಶಿಕಲಾ