ಬ್ಯಾಗಿನಿಂದ ತೆಗೆದಿಟ್ಟ ವೆನಿಲ್ಲಾ ಬಳ್ಳಿ

ಜೂನ್ ೧೪, ಶನಿವಾರ

ಪೆಸಿಫಿಕ್ ಸಾಗರದ ಪುಟ್ಟ ದ್ವೀಪವೊಂದರ ಹೆಂಗಸರಿಗೆ ವೆನಿಲ್ಲಾ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವುದನ್ನು ಕಲಿಸಲು ನಾಡಿದ್ದು ಹೊರಡಬೇಕು. ನಾಲ್ಕು ದಿನದಿಂದ ಬ್ಯಾಗು ತುಂಬುವುದೇ ಕೆಲಸ.

ಅಲ್ಲಿ ಎರಡು ವರ್ಷ ನರ್ಸ್ ಆಗಿದ್ದ ಶಿವರಂಜನಿ ಇವತ್ತು ರಜೆ ಹಾಕಿ, ದಾಸನಕೊಪ್ಪದಿಂದ ಬಸ್ಸು ಹತ್ತಿ ಬಂದಳು, ನನ್ನ ಬ್ಯಾಗು ನೋಡಲೆಂದೇ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಳ್ಳಿಯ ತುಂಡುಗಳನ್ನು ತೆಗೆದು ಹೊರಗಿಟ್ಟಳು.

"ಇವು ಬ್ಯಾಡ್ರಿ ರಾಜೀವಿ ಅಕ್ಕಾರ. ನಮ್ಮ ಗಿಡದ ರೋಗ ಅಲ್ಲಿಗೆ ಹೋದ್ರ ಅವರ ಬಳ್ಳಿ ಎಲ್ಲಾ ಸಾಯ್ತಾವು."

ನಾಚಿಕೆಯಾಯಿತು. ನಮ್ಮ ಬಳ್ಳಿಗಳು ಕೊಳೆತು ಸತ್ತದ್ದನ್ನು ಕಂಡವಳು ನಾನು. ಆದರೂ ಹೊಳೆದಿರಲಿಲ್ಲ. ಪುಣ್ಯಾತ್ಗಿತ್ತಿ ಬಂದು ಉಳಿಸಿದಳು.

ಎಟಿಎಂ ನಂಬಬೇಡಿ, ನಗದು ಇರಲಿ. ಭಾನುವಾರ ಅಂಗಡಿ ತೆರೆಯುವುದಿಲ್ಲ. ವಿಮಾನ ವಾರಕ್ಕೆ ಎರಡೇ, ತಪ್ಪಿದರೆ ಗಾಬರಿಯಾಗಬೇಡಿ. ಎಲ್ಲ ಬರೆಸಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಾ ಇದ್ದ ಮನೀ ಅಜ್ಜಿಗೆ ನಾ ಕೇಳೀನಂತ ಹೇಳ್ರಿ. ಜ್ವರ ಬಂದಾಗ ಮಗಳಂಗ ನೋಡ್ಕೊಂಡಾಳ" ಅಂದಳು. ಕಣ್ಣು ತುಂಬಿತ್ತು.

"ಯಾವ ಭಾಷೆಲಿ ಹೇಳೂದೇ ಮಾರಾಯ್ತಿ?"

"ಕೈ ಹಿಡ್ಕೊಂಡು ನನ್ನ ಹೆಸರು ಹೇಳ್ರಿ. ಸಾಕು."

ಎರಡು ಹಾಳೆ ತುಂಬ ಅವಳ ಸಲಹೆಗಳಿವೆ. ಅಜ್ಜಿಯ ಹೆಸರೇ ಕೇಳಿಕೊಂಡಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿ ಕೇಳಬೇಕು.