ಇನ್ನೂರ ಹತ್ತು ರೂಪಾಯಿಯ ಉಳಿತಾಯ

ಮೇಲ್ದಂಡೆ,
ಫೆಬ್ರವರಿ ೩೦, ೨೧೫೯

ಪೂಜ್ಯ ವಾಸಂತಜ್ಜಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಪಾಪ, ಅದೊಂದೇ ತಿಂಗಳಿಗೆ ಯಾಕೆ ಕಡಿಮೆ ಎಂದು ಯಾರೋ ಪುಣ್ಯಾತ್ಮರು ಸರಿ ಮಾಡಿದರು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ನಿಮ್ಮದೇ ಲೆಕ್ಕದ ಪುಸ್ತಕದಿಂದ, ಹಾಗಾಗಿ ನನಗೆ 'ಬಾಬ್ತು', 'ಇತ್ಯರ್ಥ' ಬಂದಷ್ಟು ಸಲೀಸಾಗಿ ಪ್ರೀತಿಯ ಮಾತು ಬರುವುದಿಲ್ಲ. ಅಜ್ಜಿ ಎಂದದ್ದಕ್ಕೂ ಬೇಸರ ಬೇಡ. ಈ ಪತ್ರ ತಲುಪುವಾಗ ನಿಮಗೆ ಮೂವತ್ತೊಂಬತ್ತು, ಬರೆಯುವ ನನಗೆ ಅರವತ್ತೊಂದು. ಆದರೂ ನಾನು ನಿಮ್ಮ ಮಗಳ ಮೊಮ್ಮಗಳ ಮಗಳು, ಬೇರೆ ಹೇಗೆ ಕರೆಯಲಿ? ನನ್ನ ಹೆಸರು ಪಡುವಣಿ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಪತ್ರ, ಉತ್ತರ ಬರುವುದಿಲ್ಲ. ತಲುಪಿತೋ ಇಲ್ಲವೋ ಎಂದು ಕೇಳಿದರೆ ಕೌಂಟರಿನ ಹುಡುಗಿ ನಮ್ಮ ಮುಖವನ್ನೂ ನೋಡದೆ ಮುಂದಿನವರನ್ನು ಕರೆಯುತ್ತಾಳೆ. ನೂರು ವರ್ಷಕ್ಕಿಂತ ಈಚಿನವರಿಗೆ ಬರೆಯುವಂತಿಲ್ಲ ಎಂಬ ನಿಯಮವೂ ಇದೆ. ಆ ನಿಯಮ ಇಲ್ಲದಿದ್ದರೆ ನಾನು ಬೇರೊಬ್ಬರಿಗೆ ಬರೆಯುತ್ತಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಆ ಉದ್ದನೆಯ ಪುಸ್ತಕ, ನೀವು ಲೆಕ್ಕ ಬರೆಯುವ ಹೊನ್ನಾವರದ ಸೊಸೈಟಿಯಲ್ಲಿ ಬಳಸದೆ ಉಳಿದದ್ದನ್ನು ಮನೆಗೆ ತಂದದ್ದು, ಈಗ ನನ್ನ ಮೇಜಿನ ಮೇಲಿದೆ. ಮೊದಲ ಪುಟದಲ್ಲಿ 'ಮುಳುಗು ಖಾತೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಸ್ಕೂಬಾ ಕಲಿತ ಶುಲ್ಕದಿಂದ ಹಿಡಿದು ಎಲ್ಲವೂ ಇದೆ. ಮಾಸ್ಕು, ಫಿನ್ಸು, ಉಸಿರಾಟದ ರೆಗ್ಯುಲೇಟರು, ಅದರ ವಾರ್ಷಿಕ ಸರ್ವೀಸು, ಜಾಕೀಟು, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ, ಗಾಳಿಯ ಸಿಲಿಂಡರು, ವಾಂತಿಯ ಮಾತ್ರೆ, ಚಹಾ. ನಲವತ್ತನಾಲ್ಕು ಸಲ ಮುಳುಗಿದ್ದೀರಿ. ಕೊನೆಯ ಪುಟದಲ್ಲಿ ಒಟ್ಟು ಕೂಡಿಸಿದ್ದೀರಿ: ನಾಲ್ಕು ಲಕ್ಷದ ಎಂಬತ್ತಾರು ಸಾವಿರದ ಮುನ್ನೂರೈವತ್ತು. ಅದರ ಪಕ್ಕದಲ್ಲಿ, ಇಷ್ಟರಲ್ಲಿ ಏನೇನು ಬರುತ್ತಿತ್ತು ಎಂಬ ಪಟ್ಟಿ: ಸ್ಕೂಟರು, ಮಗಳ ಮುಂದಿನ ಓದು, ಅಡುಗೆಮನೆಯ ಮಾಡು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಒಂದೇ ಸಾಲು: 'ಜಾಕೀಟು, ರೆಗ್ಯುಲೇಟರು ಮಾರಿದರೆ ಎಪ್ಪತ್ತು ಸಾವಿರ ಬರಬಹುದು. ನಿಲ್ಲಿಸುವುದೋ?' ಮುಂದಿನ ಹಾಳೆ ಖಾಲಿ. ನೀವು ಏನು ತೀರ್ಮಾನಿಸಿದಿರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ನಿಮಗೆ ಉಪದೇಶ ಮಾಡಲು ಹೊರಟವಳಲ್ಲ. ಈ ಹುಚ್ಚಿಗೆ ಬೆಲೆ ಕಟ್ಟುವ ಯೋಗ್ಯತೆಯೂ ನನಗಿಲ್ಲ, ಯಾಕೆಂದರೆ ನಿಮ್ಮ ಹುಚ್ಚೇ ನನಗೂ ಹಿಡಿದಿದೆ. ನಾನಿರುವ ಮೇಲ್ದಂಡೆ ನಿಮ್ಮ ಕಾಲದಲ್ಲಿ ಗೇರುಗುಡ್ಡ. ಕಡಲು ಏರಿ ಬಂದು ಅದರ ಬುಡದಲ್ಲಿ ನಿಂತಿದೆ. ನಿಮ್ಮ ಬಸ್ ಸ್ಟ್ಯಾಂಡಿನ ಮೇಲೆ ಈಗ ಹತ್ತಾಳು ನೀರು, ಅಲ್ಲಿ ಏಡಿಗಳು ಬಸ್ಸಿಗೆ ಕಾದಂತೆ ಸಾಲಾಗಿ ಕೂತಿರುತ್ತವೆ. ನಾನು ಹವಳದ ಸಸಿಮಡಿಯಲ್ಲಿ ಕೆಲಸ ಮಾಡುತ್ತೇನೆ. ಭತ್ತದ ಸಸಿ ಎಬ್ಬಿಸಿದ ಹಾಗೆ ಹವಳದ ತುಂಡುಗಳನ್ನು ಬೆಳೆಸಿ ಬಂಡೆಗೆ ನೆಡುವುದು. ಕೆಲಸಕ್ಕೆ ಮುಳುಗಿದರೆ ಗಾಳಿ ಪುಕ್ಕಟೆ. ಸುಮ್ಮನೆ, ನೋಡುವ ಆಸೆಗೆ ಮುಳುಗಿದರೆ ನಮ್ಮ ಮುಪ್ಪಿನಪಾಲಿನಿಂದ ಕಡಿತ ಮಾಡುತ್ತಾರೆ. ಮುಪ್ಪಿನಪಾಲು ಎಂದರೆ ದುಡಿಯುವಾಗ ಕೂಡಿಟ್ಟ ದಿನಗಳು, ವಯಸ್ಸಾದ ಮೇಲೆ ಘಟ್ಟದ ಮೇಲಿನ ತಂಪು ಊರಿನಲ್ಲಿ ಅಷ್ಟು ದಿನ ಅನ್ನ, ಕೋಣೆ ಕೊಡುತ್ತಾರೆ. ಒಂದು ಗಂಟೆಯ ಆಸೆಗೆ ನಾಲ್ಕು ದಿನ ಹೋಗುತ್ತದೆ. ನಾನು ಹನ್ನೊಂದು ವರ್ಷದ ಮುಪ್ಪನ್ನು ಮುಳುಗಿಯೇ ಕಳೆದಿದ್ದೇನೆ. ಆ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಒಂದು ಆಮೆ ನನ್ನ ಮೊಣಕೈ ಮುಟ್ಟಿ ಹೋದ ದಿನಕ್ಕೆ ನಾಲ್ಕಲ್ಲ, ನಲವತ್ತು ದಿನ ಕೇಳಿದ್ದರೂ ಕೊಡುತ್ತಿದ್ದೆ.

ಆದರೆ ಅಜ್ಜಿ, ನಿಮ್ಮ ಪುಸ್ತಕದಲ್ಲಿ ಒಂದು ತಪ್ಪಿದೆ. ಇಷ್ಟು ವರ್ಷ ಓದಿದ ನನಗೂ ಅದು ಕಂಡದ್ದು ಹೋದ ಮಳೆಗಾಲದಲ್ಲಿ.

ಪ್ರತಿ ಪುಟಕ್ಕೂ ನೀವು ಎರಡು ಕಲಂ ಎಳೆದಿದ್ದೀರಿ. ಖರ್ಚಿನ ಕಡೆ ನಿಮ್ಮ ಗುಂಡು ಅಕ್ಷರ. ಜಮಾ ಕಡೆ ಓರೆಯಾದ, ಅವಸರದ ಅಕ್ಷರ: 'ಆಮೆ ಒಂದು, ದೊಡ್ಡದು, ಇವಳನ್ನು ನೋಡಿ ತಲೆ ತಿರುಗಿಸಿತಂತೆ.' 'ಗಿಳಿಮೀನಿನ ಹಿಂಡು, ಹವಳ ಕಡಿಯುವ ಸದ್ದು ಕೇಳಿತಂತೆ, ಚಕ್ಕುಲಿ ತಿಂದ ಹಾಗೆ.' 'ಇವತ್ತು ಏನೂ ಕಾಣಲಿಲ್ಲ, ಬರೀ ಬೆಳಕು. ಆದರೂ ನಗುತ್ತಿದ್ದಾಳೆ.' ಚಿಕ್ಕಂದಿನಲ್ಲಿ ಇದನ್ನೆಲ್ಲ ಓದಿಯೇ ನಾನು ನೀರಿಗಿಳಿದವಳು. ನೀವೇ ಬರೆದದ್ದೆಂದು ತಿಳಿದಿದ್ದೆ, ಆ 'ಇವಳು', ಆ 'ಅಂತೆ' ಕಣ್ಣಿಗೆ ಬಿದ್ದದ್ದು ಈಗ. ಅಲ್ಲ. ಅದು ನಿಮ್ಮ ಯಜಮಾನರು ದೇವಿದಾಸಜ್ಜನ ಅಕ್ಷರ. ನೀವು ದೋಣಿಯಿಳಿದು ಬರುವಾಗ ಕೈ ಒದ್ದೆ, ಚಳಿಗೆ ಬೆರಳು ನಡುಕ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ದಡದ ಚಹಾದಂಗಡಿಯಲ್ಲಿ ಕಾಯುತ್ತಿದ್ದ ಅವರು ನೀವು ಹೇಳಿದ್ದನ್ನು ಬರೆದುಕೊಂಡರು. ಅವರಿಗೆ ನೀರೆಂದರೆ ಹೆದರಿಕೆ, ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ. ಆದರೂ ಬರುತ್ತಿದ್ದರು. 'ನಿನ್ನ ಆಯಿ ಮೀನು ಎಣಿಸಿ ಬರ್ಲಿ, ನಾ ಇಲ್ಲೇ ಕೂತ್ಕಂಡಿರ್ತೆ' ಎಂದು ಮಗಳಿಗೆ ಅವರು ಹೇಳುತ್ತಿದ್ದ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಈಗಲೂ ಯಾರಾದರೂ ತಡ ಮಾಡಿದರೆ ಹಾಗೆಯೇ ಹೇಳುತ್ತೇವೆ.

ಇಪ್ಪತ್ತೇಳನೆಯ ಮುಳುಗಿನವರೆಗೆ ಖರ್ಚಿನ ಕಡೆ 'ಚಹಾ ಎರಡು' ಎಂದಿದೆ. ಇಪ್ಪತ್ತೆಂಟರಲ್ಲಿ ನೀವು ಬರೆಯುತ್ತೀರಿ: 'ಉಳಿತಾಯ. ದೇವಿದಾಸ ಬರುವುದು ಬೇಡ. ಬಸ್ಸು, ಊಟ, ಚಹಾ ಸೇರಿ ೨೧೦.' ಅಲ್ಲಿಂದ ಮುಂದೆ 'ಚಹಾ ಒಂದು'. ಹದಿನೇಳು ಸಲಕ್ಕೆ ಉಳಿದದ್ದು ಮೂರು ಸಾವಿರದ ಐನೂರ ಎಪ್ಪತ್ತು ರೂಪಾಯಿ. ಹದಿನೇಳು ಸಲವೂ ಜಮಾ ಕಡೆ ಖಾಲಿ. ನೀವು ಅಷ್ಟು ಸಲ ನೀರಿಗಿಳಿದು ಏನು ಕಂಡಿರೋ ದೇವರಿಗೇ ಗೊತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಕೊನೆಗೆ ಖರ್ಚು ಮಾತ್ರ ತುಂಬಿದ ಪುಟಗಳನ್ನು ಎದುರಿಗಿಟ್ಟುಕೊಂಡು, ಇದರಿಂದ ಬಂದದ್ದೇನು ಎಂದು ಕೇಳುತ್ತಿದ್ದೀರಿ. ಲೆಕ್ಕ ಬರೆಯುವವರೇ ಹೀಗೆ ಮಾಡಿದರೆ ಹೇಗೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಲ್ಲಿ ಹೋಗುವುದು ಮಾನವೊಂದೇ ಅಲ್ಲ.

ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಾನೂ ಅದನ್ನೇ ಮಾಡಿದೆ. ನಮ್ಮಲ್ಲಿ ಮುಳುಗುವವರಿಗೆಲ್ಲ ದಡದಲ್ಲಿ ಒಬ್ಬ ಕಾಯುವವ ಇರಲೇಬೇಕು, ಅವನ ಹೊತ್ತಿಗೂ ನಮ್ಮ ಪಾಲಿನಿಂದಲೇ ಕಡಿತ. ನನಗೆ ಸಮೀರಣ ಕಾಯುತ್ತಿದ್ದ. ನನ್ನ ಗಂಡ. ಕಾಯುವ ಕಲ್ಲಿನ ಮೇಲೆ ಗಂಜಿಯ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡು ಕೂರುತ್ತಿದ್ದ, ನಾನು ತಲೆ ಎತ್ತಿದ ಕೂಡಲೇ 'ಏನು ಕಂಡೆ?' ಎನ್ನುತ್ತಿದ್ದ. ಆಮೇಲೆ ಕಾವಲುಬುರುಡೆ ಬಂತು. ನೀರಿನ ಮೇಲೆ ತೇಲುತ್ತಾ ನಮ್ಮ ಉಸಿರು ಎಣಿಸುವ ಯಂತ್ರ, ಕಾಯುವವನ ಅರ್ಧ ಬೆಲೆ. ಉಳಿದದ್ದರಲ್ಲಿ ಇನ್ನೂ ಹೆಚ್ಚು ಮುಳುಗಬಹುದಲ್ಲ ಎಂದು ಲೆಕ್ಕ ಹಾಕಿದೆ. ಇನ್ನು ನೀನು ಬರಬೇಕಾಗಿಲ್ಲ ಎಂದು ನಾನೇ ಹೇಳಿದೆ, ಅವನಿಗೆ ಉಪಕಾರ ಮಾಡಿದವಳ ಹಾಗೆ. ಅವನು ಜಗಳ ಆಡಲಿಲ್ಲ. ಸ್ವಲ್ಪ ದಿನ ಮನೆಯಲ್ಲಿ ಕೇಳಿದ, ನಾನು ದಣಿದಿರುತ್ತಿದ್ದೆ, ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ. ಎರಡು ವರ್ಷದ ಮೇಲೆ ತನ್ನ ಪಾಲು ತೆಗೆದುಕೊಂಡು ಘಟ್ಟದ ಮೇಲೆ ಹೋದ. ಆರು ವರ್ಷದ ಹಿಂದೆ ಅಲ್ಲೇ ತೀರಿಕೊಂಡ. ನಾನು ಈಗಲೂ ಮುಳುಗುತ್ತೇನೆ. ಬಂಡೆಯ ಸಂದಿಯಲ್ಲಿ ಹೊಸ ಮೀನು ಕಂಡರೆ ಇವತ್ತಿಗೂ ಮೊದಲು ಅವನಿಗೆ ಹೇಳಬೇಕು ಎನಿಸುತ್ತದೆ. ಮೇಲೆ ಬಂದರೆ ಬುರುಡೆ ಹಸಿರು ದೀಪ ಹಾಕಿ, ಉಸಿರು ಸರಿಯಿದೆ ಎನ್ನುತ್ತದೆ.

ಅವನಿಗೆ ಬರೆಯಲು ನಿಯಮ ಬಿಡಲಿಲ್ಲ. ಅದಕ್ಕೇ ನಿಮಗೆ ಬರೆದೆ. ನಿಮ್ಮ ದೇವಿದಾಸರು ಇನ್ನೂ ಇದ್ದಾರೆ, ಬಹುಶಃ ಇದೇ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ. ಜಾಕೀಟು ಮಾರುವುದಾದರೆ ಮಾರಿ, ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಅದು ನಿಮ್ಮ ಮನೆಯ ದುಡ್ಡು. ಆದರೆ ತೀರ್ಮಾನ ಮಾಡುವ ಮೊದಲು ಇನ್ನೊಂದೇ ಒಂದು ಸಲ ಹೋಗಿ, ಅವರನ್ನು ಕರೆದುಕೊಂಡು ಹೋಗಿ, ಪೆನ್ನು ಅವರ ಜೇಬಿನಲ್ಲಿರಲಿ. ಆಮೇಲೆ ಎರಡೂ ಕಡೆ ಕೂಡಿಸಿ ನೋಡಿ.

ಉತ್ತರ ಬರೆಯಲಾಗದು ಎಂದು ಗೊತ್ತು. ಆದರೆ ಪುಸ್ತಕ ಒಂದೇ ಅಲ್ಲವೇ, ಅಲ್ಲಿರುವುದೂ ಇಲ್ಲಿರುವುದೂ. ನೀವು ಅಲ್ಲಿ ಬರೆದದ್ದು ಇಲ್ಲಿ ಕಾಣಬೇಕು. ಆ ಖಾಲಿ ಹಾಳೆಯನ್ನು ತೆರೆದೇ ಇಟ್ಟಿದ್ದೇನೆ, ದಿನಾ ಬೆಳಿಗ್ಗೆ ನೀರಿಗೆ ಹೋಗುವ ಮುಂಚೆ ನೋಡುತ್ತೇನೆ. ಮೀನಿನ ಹೆಸರು ಬೇಡ, ಮೊತ್ತವೂ ಬೇಡ. 'ಚಹಾ ಎರಡು' ಎಂದು ಬರೆದರೆ ಸಾಕು.

ನಿಮ್ಮ,
ಪಡುವಣಿ